ಮ್ಯೂಸಿಯಂ ಶೋಕೇಸ್ ಕೆಲಸ ಹಿಡಿಯೋರಿಗೆ: ಟೆಂಡರ್‌ನಿಂದ ಬಿಲ್‌ವರೆಗೆ ನಮಗಾದ ಅನುಭವ

ಒಂದು ಸರ್ಕಾರಿ ಮ್ಯೂಸಿಯಂ ಗ್ಯಾಲರಿಗೆ ಶೋಕೇಸ್ ಮಾಡಿ, ಕೂರಿಸಿ, ಕೀ ಕೊಟ್ಟು ಬಂದು ಸ್ವಲ್ಪ ದಿನ ಆಯ್ತು. ನಮ್ದು ತುಮಕೂರಲ್ಲಿ ಚಿಕ್ಕ ವರ್ಕ್‌ಶಾಪ್, ದಿನಾ ಮಾಡೋದು ಕಿಚನ್ ಕ್ಯಾಬಿನೆಟ್, ವಾರ್ಡ್‌ರೋಬ್, ಅಂಗಡಿ ಇಂಟೀರಿಯರ್. ಈ ಕೆಲಸ ಹಿಡಿದಾಗ ಯಾರನ್ನಾದ್ರೂ ಕೇಳೋಣ ಅಂದ್ರೆ ಕನ್ನಡದಲ್ಲಿ ಒಂದು ಸಾಲೂ ಸಿಗ್ಲಿಲ್ಲ, ಸಿಕ್ಕಿದ್ದೆಲ್ಲ ಲಂಡನ್, ವಾಷಿಂಗ್ಟನ್ ಮ್ಯೂಸಿಯಂಗಳ ಪಿಡಿಎಫ್, ಅಲ್ಲಿ ಹೇಳೋ ಮೆಟೀರಿಯಲ್ ಅರ್ಧಕ್ಕರ್ಧ ನಮ್ಮ ಹಾರ್ಡ್‌ವೇರ್ ಅಂಗಡೀಲಿ ಹೆಸರೂ ಕೇಳಿಲ್ಲ. ಅದಕ್ಕೇ ಬರೀತಿದೀನಿ. ಮ್ಯೂಸಿಯಂ ಹೆಸರು, ಊರ ಹೆಸರು ಬೇಡ, ನನ್ನ ಬಿಲ್ ಇನ್ನೂ ಅಲ್ಲೇ ಕೂತಿದೆ.

ಟೆಂಡರ್ ಬಂದಿದ್ದು ಕೆಪಿಪಿಪಿ, ಅಂದ್ರೆ ರಾಜ್ಯ ಸರ್ಕಾರದ ಟೆಂಡರ್ ಪೋರ್ಟಲ್‌ನಲ್ಲಿ. ಅದಕ್ಕೆ ಬೇಕಾಗೋದು ಕ್ಲಾಸ್ 3 ಡಿಜಿಟಲ್ ಸಿಗ್ನೇಚರ್, ಜಿಎಸ್‌ಟಿ, ಪ್ಯಾನ್, ಉದ್ಯಮ್ (ಸಣ್ಣ ಉದ್ದಿಮೆ ನೋಂದಣಿ) ಸರ್ಟಿಫಿಕೇಟ್, ಹಿಂದೆ ಮಾಡಿದ ಕೆಲಸದ ಕಂಪ್ಲೀಷನ್ ಸರ್ಟಿಫಿಕೇಟ್, ಸಿಎ ಕೊಟ್ಟ ಟರ್ನ್ಓವರ್. ಡಿಜಿಟಲ್ ಸಿಗ್ನೇಚರ್ ಮುಂಚೇನೇ ಮಾಡಿಸಿಟ್ಕೊಳ್ಳಿ, ಕೊನೇ ದಿನ ಅದರ ಟೋಕನ್ ಹಾಕಿದ್ರೆ ಕಂಪ್ಯೂಟರ್ ಗುರುತೇ ಹಿಡಿಯಲ್ಲ, ಡ್ರೈವರ್ ಇನ್‌ಸ್ಟಾಲ್ ಮಾಡ್ತಾ ಕೂರ್ಬೇಕು. ಇಎಂಡಿ, ಅಂದ್ರೆ ಟೆಂಡರ್ ಜೊತೆ ಕಟ್ಟೋ ಠೇವಣಿ, ಅದರ ವಿನಾಯಿತಿ ಉದ್ಯಮ್ ಇದ್ದೋರಿಗೆ ಕೆಲವು ಟೆಂಡರ್‌ನಲ್ಲಿ ಇರತ್ತೆ, ಕೆಲವದರಲ್ಲಿ ಇರಲ್ಲ, ಷರತ್ತು ಓದದೆ ನಂಬ್ಕೋಬೇಡಿ. ಇಷ್ಟು ಯಾವ ಸರ್ಕಾರಿ ಕೆಲಸಕ್ಕಾದ್ರೂ ಇದ್ದಿದ್ದೇ.

ಅಸಲಿ ಕಥೆ ಇರೋದು ಬಿಓಕ್ಯೂನಲ್ಲಿ, ಅಂದ್ರೆ ಯಾವ ಮೆಟೀರಿಯಲ್ ಎಷ್ಟು ಅಂತ ಇರೋ ಐಟಂ ಪಟ್ಟೀಲಿ. ಅದರಲ್ಲಿ ಬರೆದಿದ್ದು ಏನಪ್ಪಾ ಅಂದ್ರೆ, ಒಳ್ಳೇ ತೇಗದ ಫ್ರೇಮು, 19 ಎಂಎಂ ಪ್ಲೈವುಡ್ ಹಿಂಬದಿ, ಒಳಗೆ ಕೆಂಪು ವೆಲ್ವೆಟ್, ಮುಂದೆ 5 ಎಂಎಂ ಗಾಜು, ಮೇಲೆ ಟ್ಯೂಬ್‌ಲೈಟ್, ಫ್ರೆಂಚ್ ಪಾಲಿಶ್. ಯಾವ ಕಾಲದ ಎಸ್ಟಿಮೇಟನ್ನ ಕಾಪಿ ಮಾಡಿದ್ರೋ. ಆದ್ರೆ ಓದಿ ನಮ್ಮ ಆಚಾರ್ರಿಗೆ ಮಾತ್ರ ಖುಷಿಯೋ ಖುಷಿ. ಅವರು ಮೂರು ತಲೆಮಾರಿನ ಮರಗೆಲಸದೋರು, ಎಂಡಿಎಫ್ (ಮರದ ನಾರು ಅಂಟು ಹಾಕಿ ಒತ್ತಿದ ಹಲಗೆ) ಕೊಯ್ದು ಕೊಯ್ದು ಬೇಜಾರಾಗಿತ್ತು ಅವರಿಗೆ. "ಬಹಳ ದಿನದ ಮೇಲೆ ಮರ ಮುಟ್ಟೋ ಕೆಲಸ ತಂದಿದೀಯ ಕಣಪ್ಪ" ಅಂದ್ರು.

ವರ್ಕ್ ಆರ್ಡರ್ ಕೈಗೆ ಬಂದು ಸೈಟ್ ಅಳತೆಗೆ ಹೋದಾಗ ಅಲ್ಲಿ ಕ್ಯುರೇಟರ್ ಸಾರ್ ಜೊತೆ ಒಬ್ಬರು ಕನ್ಸರ್ವೇಟರ್ ಮೇಡಂ ಇದ್ರು. ಅಂದ್ರೆ ಹಳೇ ವಸ್ತುಗಳ ಆರೈಕೆ ನೋಡ್ಕೊಳ್ಳೋರು, ಹೊರಗಿನಿಂದ ಸಲಹೆಗೆ ಕರೆಸಿದ್ದು. ಬಿಓಕ್ಯೂ ಒಂದ್ಸಲ ಓದಿ, "ಇದರಲ್ಲಿ ಗಾಜು ಒಂದನ್ನ ಬಿಟ್ಟು ಬೇರೆ ಏನೂ ಒಳಗೆ ಬರೋ ಹಾಗಿಲ್ಲ, ಗಾಜೂ ಈ ಗಾಜಲ್ಲ" ಅಂದ್ರು. ಪಕ್ಕದಲ್ಲಿದ್ದ ಆಚಾರ್ರ ಮುಖ ನೋಡ್ಬೇಕಿತ್ತು ಆಗ.

ಆ ಗ್ಯಾಲರೀಲಿ ಇಡೋ ಸಾಮಾನು ಯಾವುದು ಅಂತ ಮೊದಲು ಹೇಳ್ಬೇಕು, ಇಲ್ಲಾಂದ್ರೆ ಅರ್ಥ ಆಗಲ್ಲ. ಸಾತವಾಹನರ ಕಾಲದ ಸೀಸದ ನಾಣ್ಯಗಳು, ಒಂದೆರಡು ತಾಮ್ರಪಟ, ಬೆಳ್ಳಿ ನಾಣ್ಯ, ತಾಳೆಗರಿ ಕಟ್ಟುಗಳು, ತೊಗಲುಗೊಂಬೆ. ಸಾತವಾಹನರು ಸೀಸದಲ್ಲಿ ನಾಣ್ಯ ಹೊಡೆಸ್ತಿದ್ರು, ಚಿತ್ರದುರ್ಗದ ಚಂದ್ರವಳ್ಳಿ ಅಗೆತದಲ್ಲೂ ಅಂಥವು ಸಿಕ್ಕಿವೆ, 1947ರಲ್ಲಿ ಪುರಾತತ್ವದ ವೀಲರ್ ಅಲ್ಲಿ ಅಗೆಸಿದ್ದು, ಅದಕ್ಕೂ ಮುಂಚೆ ಮೈಸೂರಿನ ಎಂ.ಎಚ್. ಕೃಷ್ಣ ಅವರು ಅಗೆಸಿದ್ದು. ಹತ್ತಿರ ಹತ್ತಿರ 2000 ವರ್ಷ ಮಣ್ಣಲ್ಲಿ ತಡ್ಕೊಂಡ ಸೀಸ, ಒಂದು ಹೊಸಾ ಮರದ ಪೆಟ್ಟಿಗೇಲಿ ಕೆಲವೇ ವರ್ಷದಲ್ಲಿ ಬಿಳೀ ಪುಡಿ ಆಗಿಬಿಡಬಹುದಂತೆ. ಕಾರಣ ಮರ. ಎಲ್ಲಾ ಮರಾನೂ ಅಸಿಟಿಕ್ ಆಸಿಡ್, ಅಂದ್ರೆ ವಿನಿಗರ್‌ನಲ್ಲಿರೋ ಅದೇ ಆಮ್ಲವನ್ನ ಸ್ವಲ್ಪ ಸ್ವಲ್ಪ ಗಾಳಿಗೆ ಬಿಡ್ತಾನೇ ಇರತ್ತೆ, ಪ್ಲೈವುಡ್ ಎಂಡಿಎಫ್ ಆದ್ರೆ ಅದರ ಅಂಟಿನ ಫಾರ್ಮಾಲ್ಡಿಹೈಡ್ ಬೇರೆ. ಮನೇಲಿ ಕಿಟಕಿ ಬಾಗಿಲು ತೆಗೆದಿರೋದ್ರಿಂದ ಗಾಳಿ ಓಡಾಡತ್ತೆ, ಏನೂ ಆಗಲ್ಲ. ಶೋಕೇಸ್ ಮುಚ್ಚಿದ ಡಬ್ಬ, ಬಿಟ್ಟಿದ್ದೆಲ್ಲ ಅಲ್ಲೇ ಸುತ್ತತ್ತೆ. ಇನ್ನೂ ಕೆಟ್ಟದ್ದೇನು ಅಂದ್ರೆ ಸೀಸದ ಜೊತೆ ಆ ಆಸಿಡ್ ಸೇರಿ ಖರ್ಚಾಗಿ ಹೋಗಲ್ಲ, ಗಾಳೀಲಿರೋ ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿ ಬಿಳೀ ಪುಡಿ ಆದಾಗ ಆಸಿಡ್ ವಾಪಸ್ ಬಿಡುಗಡೆ ಆಗಿ ಮತ್ತೆ ತಿನ್ನೋಕೆ ಶುರು ಮಾಡತ್ತೆ. ಚೂರು ಇದ್ರೂ ಸಾಕು.

ಆಚಾರ್ರು ಒಪ್ಪಲಿಲ್ಲ. "ತೇಗದಲ್ಲಿ ದೇವರ ಮಂಟಪಾನೇ ಮಾಡ್ತೀವಿ, ಈ ಸವಕಲು ದುಡ್ಡಿಗೆ ತೇಗ ಆಗಿಬರಲ್ವಾ ಮೇಡಂ?" ಅಂತ ಕೇಳೇಬಿಟ್ರು. ಮೇಡಂ ಜಗಳಕ್ಕೆ ಹೋಗ್ಲಿಲ್ಲ, "ನಿಮ್ಮ ಮರದ ಒಂದು ಚೂರು ಕೊಡಿ ಆಚಾರ್ರೇ, ನೀವು ಬಳಸೋ ಅಂಟು, ಬಟ್ಟೆ, ಪೇಂಟು ಎಲ್ಲಾದ್ರದ್ದೂ ಒಂದೊಂದು ಚೂರು ಕೊಡಿ, ಪರೀಕ್ಷೆ ಮಾಡೋಣ" ಅಂದ್ರು.

ಇದೇ ಆಡಿ ಟೆಸ್ಟ್. ಬ್ರಿಟಿಷ್ ಮ್ಯೂಸಿಯಂನಲ್ಲಿ ಆಂಡ್ರ್ಯೂ ಆಡಿ ಅನ್ನೋರು 1973ರಲ್ಲಿ ಶುರು ಮಾಡಿದ್ದು, ಇವತ್ತಿಗೂ ದೊಡ್ಡ ದೊಡ್ಡ ಮ್ಯೂಸಿಯಂಗಳು ಇದನ್ನೇ ಮಾಡೋದು. ಗಾಳಿ ಹೋಗದ ಗಾಜಿನ ಜಾಡಿ, ಒಳಗೆ ಸುಮಾರು 2 ಗ್ರಾಂ ಸ್ಯಾಂಪಲ್, ಒಂದು ಪುಟ್ಟ ಟ್ಯೂಬ್‌ನಲ್ಲಿ ಸ್ವಲ್ಪ ಡಿಸ್ಟಿಲ್ಡ್ ವಾಟರ್, ಜೊತೆಗೆ ಉಜ್ಜಿ ಹೊಳಪು ಮಾಡಿದ ಬೆಳ್ಳಿ, ತಾಮ್ರ, ಸೀಸದ ಒಂದೊಂದು ಪಟ್ಟಿ, ಸ್ಯಾಂಪಲ್‌ಗೆ ತಾಗದ ಹಾಗೆ. ಇದನ್ನ 60 ಡಿಗ್ರೀಲಿ 28 ದಿನ ಓವನ್‌ನಲ್ಲಿ ಇಡೋದು. ಸ್ಯಾಂಪಲ್ ಇಲ್ಲದ ಖಾಲಿ ಜಾಡಿ ಒಂದು ಹೋಲಿಕೆಗೆ ಅಂತ ಪಕ್ಕದಲ್ಲೇ ಇರ್ಬೇಕು. ಮೇಡಂ ಇದನ್ನ ಗೊತ್ತಿರೋ ಒಂದು ಕಾಲೇಜ್ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಮಾಡಿಸಿದ್ರು. ಕರೆಂಟ್ ಹೋದಾಗೆಲ್ಲ ಓವನ್ ಆರತ್ತಲ್ಲ, ಅದಕ್ಕೆ ಲ್ಯಾಬ್ ಅಟೆಂಡರ್ ಕೈ ಕಾಲು ಹಿಡಿದು ಯುಪಿಎಸ್‌ಗೆ ಕನೆಕ್ಷನ್ ಕೊಡಿಸಿದ್ದು ನಾನು.

ಅಷ್ಟು ದಿನ ವರ್ಕ್‌ಶಾಪ್‌ನಲ್ಲಿ ಈ ಕೆಲಸದ ಒಂದು ಮೊಳೆ ಹೊಡೆಯೋ ಹಾಗಿಲ್ಲ. ಆರ್ಡರ್ ಟೈಮ್ ಓಡ್ತಿದೆ, ಹುಡುಗರಿಗೆ ಸಂಬಳ ಕೊಡ್ಬೇಕು, ಬೇರೆ ಕಿಚನ್ ಕೆಲಸ ಹಿಡಿಯೋಣ ಅಂದ್ರೆ ಇದು ಶುರುವಾದ್ರೆ ಎರಡೂ ಕೆಡತ್ತೆ ಅನ್ನೋ ಭಯ. ರಾತ್ರಿ ನಿದ್ದೆ ಸರಿ ಬರ್ತಿರ್ಲಿಲ್ಲ, ಮನೆಯೋರು "ದುಡ್ಡು ಕೊಡೋರ್ಗಿಂತ ಜಾಡಿ ಕಡೆಗೇ ನಿಮ್ಮ ಧ್ಯಾನ" ಅಂತಿದ್ರು. ಅದಕ್ಕೇ ಹೇಳ್ತಿದೀನಿ, ಕೊಟೇಶನ್ ಹಾಕುವಾಗ್ಲೇ ಟೆಸ್ಟಿಂಗ್‌ಗೆ ಒಂದೂವರೆ ತಿಂಗಳು ಬೇರೆಯಾಗಿ ಬರೆದು ಇಟ್ಕೊಳ್ಳಿ, ಆರ್ಡರ್‌ನಲ್ಲೂ ಬರೆಸಿ. ಲೇಟ್ ಆದ್ರೆ ಪೆನಾಲ್ಟಿ ಹಾಕೋರು ಜಾಡಿ ಕಥೆ ಕೇಳಲ್ಲ.

ಜಾಡಿ ತೆಗೆದ ದಿನ ಆಚಾರ್ರನ್ನೂ ಕರ್ಕೊಂಡು ಹೋಗಿದ್ದೆ. ತೇಗದ ಜಾಡೀಲಿದ್ದ ಸೀಸದ ಪಟ್ಟಿ ಮೇಲೆ ಅಲ್ಲಲ್ಲಿ ಬಿಳೀ ಮಚ್ಚೆ. ಪ್ಲೈವುಡ್ ಜಾಡೀದು ಪೂರ್ತಿ ಸುಣ್ಣ ಬಳಿದ ಹಾಗೆ, ಉಗುರಲ್ಲಿ ಕೆರೆದ್ರೆ ಪುಡಿ ಉದುರ್ತಿತ್ತು. ಕೆಂಪು ವೆಲ್ವೆಟ್ ಬೆಳ್ಳಿ ಪಟ್ಟೀನ ಕಪ್ಪು ಮಾಡಿತ್ತು. ನಾವು ಬಾತ್‌ರೂಮ್ ಗಾಜಿಗೆ ಹಾಕೋ ಮಾಮೂಲಿ ಸಿಲಿಕೋನ್ ಇದ್ದ ಜಾಡೀಲಂತೂ ಸೀಸ, ತಾಮ್ರ ಎರಡೂ ಹೋಗಿದ್ವು. ಖಾಲಿ ಜಾಡೀದು ಮಾತ್ರ ಇಟ್ಟಾಗ ಹೇಗಿತ್ತೋ ಹೆಚ್ಚುಕಮ್ಮಿ ಹಾಗೇ ಇತ್ತು. ಆಚಾರ್ರು ತೇಗದ ಜಾಡಿ ಪಟ್ಟೀನ ಕಿಟಕಿ ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಸರಿ ಮೇಡಂ, ಕಬ್ಬಿಣದಲ್ಲೇ ಮಾಡೋಣ ಬಿಡಿ" ಅಂದ್ರು, ಅಷ್ಟೇ. ಅವತ್ತಿಂದ ಬೇರೆ ಯಾರಾದ್ರೂ ಸೈಟಿಗೆ ಪ್ಲೈವುಡ್ ತಂದ್ರೆ ಮೊದಲು ಬೈತಿದ್ದೋರು ಅವರೇ.

ಪಾಸಾಗಿದ್ದು ಯಾವುದು ಅಂದ್ರೆ ಓವನ್‌ನಲ್ಲಿ ಸರಿಯಾಗಿ ಬೆಂದ ಪೌಡರ್ ಕೋಟಿಂಗ್ ಇರೋ ಸ್ಟೀಲ್, ಅಲ್ಯೂಮಿನಿಯಂ, ಅಕ್ರಿಲಿಕ್ ಶೀಟ್, ಮತ್ತೆ ಗಂಜಿ ಹೋಗೋವರೆಗೂ ಸೋಪ್ ಹಾಕದೆ ಬಿಸಿನೀರಲ್ಲಿ ಒಗೆದ ಕೋರಾ ಬಟ್ಟೆ. ಸಿಲಿಕೋನ್‌ನಲ್ಲಿ ನ್ಯೂಟ್ರಲ್ ಕ್ಯೂರ್ ಅಂತ ಬರತ್ತೆ, ಎರಡು ಬ್ರಾಂಡ್ ಕೊಟ್ಟಿದ್ವಿ, ಒಂದು ಪಾಸು, ಇನ್ನೊಂದು ತಾಮ್ರವನ್ನ ಮಂಕು ಮಾಡ್ತು. ಹಾಗಾಗಿ ಡಬ್ಬಿ ಮೇಲೆ ನ್ಯೂಟ್ರಲ್ ಅಂತ ಬರೆದಿದ್ರೆ ಸಾಕು ಅನ್ಕೋಬೇಡಿ. ಮಾಮೂಲಿ ಸಿಲಿಕೋನ್ ಗುರುತು ಹಿಡಿಯೋದು ಸುಲಭ, ಹಚ್ಚಿದ ತಕ್ಷಣ ಮೂಗಿಗೆ ಹುಳಿ ವಾಸನೆ ಹೊಡೆಯತ್ತೆ, ಅದೇ ಅಸಿಟಿಕ್ ಆಸಿಡ್. ಮೂಗಿಗೆ ವಾಸನೆ ಬರೋದು ಯಾವುದೂ ಪೆಟ್ಟಿಗೆ ಒಳಗೆ ಬೇಡ. ವಾಸನೆ ಇಲ್ಲ ಅಂದ ಮಾತ್ರಕ್ಕೆ ಸೇಫ್ ಅಂತಾನೂ ಅಲ್ಲ. ಇನ್ನೊಂದು, ಪಾಸಾದ ಬ್ಯಾಚ್ ನಂಬರ್ ಬರೆದಿಟ್ಕೊಂಡು ಇಡೀ ಕೆಲಸಕ್ಕೆ ಬೇಕಾಗೋಷ್ಟು ಅದೇ ಬ್ಯಾಚ್ ಒಟ್ಟಿಗೆ ಖರೀದಿ ಮಾಡಿ, ಕಂಪನಿಯೋರು ಹೇಳ್ದೆ ಕೇಳ್ದೆ ಫಾರ್ಮುಲಾ ಬದಲಾಯಿಸ್ತಾರೆ.

ಈಗ ಅಸಲಿ ತಲೆನೋವು. ಮೇಡಂ ಹೇಳಿದ್ದು ಸರಿ, ಕ್ಯುರೇಟರ್ ಸಾರ್ ಒಪ್ಪಿದ್ದೂ ಸರಿ, ಆದ್ರೆ ಕಾಗದದ ಮೇಲೆ ಇರೋದು ತೇಗ ಮತ್ತು ವೆಲ್ವೆಟ್. ಸ್ಟೀಲಲ್ಲಿ ಮಾಡಿ ಕೊಟ್ರೆ ನಾಳೆ ಆಡಿಟ್‌ನೋರು ಬಂದು "ತೇಗ ಎಲ್ಲಿ?" ಅಂದ್ರೆ ನಾನು ಜಾಡಿ ತೋರಿಸ್ಲಾ? ಡೀವಿಯೇಷನ್ ಸ್ಟೇಟ್‌ಮೆಂಟ್ ಆಗ್ಬೇಕು, ಅಂದ್ರೆ ಯಾವ ಐಟಂ ಬದಲು ಯಾವುದು, ಯಾಕೆ, ರೇಟ್ ಎಷ್ಟು ವ್ಯತ್ಯಾಸ ಅಂತ ಟೇಬಲ್ ಮಾಡಿ, ಮೇಡಂ ರಿಪೋರ್ಟ್, ಜಾಡಿ ಫೋಟೋ, ಮೂರು ಕಡೆ ಕೊಟೇಶನ್ ಲಗತ್ತಿಸಿ, ಮೇಲಿನವರ ಅಪ್ರೂವಲ್ ತಗೋಬೇಕು. ಕೇಸ್ ವರ್ಕರ್ ಮೊದಲು ಫೈಲ್ ತಗೊಳ್ಳೋಕೇ ಒಪ್ಪಲಿಲ್ಲ, "ಇದುವರೆಗೂ ಯಾರೂ ಹೀಗೆ ಕೇಳಿಲ್ಲ ಸಾರ್, ತೇಗದಲ್ಲೇ ಮಾಡ್ಬಿಡಿ, ಚೆನ್ನಾಗಿರತ್ತೆ" ಅಂದ್ರು. ಆಮೇಲೆ ಫೈಲ್ ಹೋಯ್ತು, ಒಂದು ಕ್ವೆರಿ ಬಂತು, ಉತ್ತರ ಕೊಟ್ವಿ, ಇನ್ನೊಂದು ಕ್ವೆರಿ ಬಂತು, ಅಷ್ಟರಲ್ಲಿ ಆಫೀಸರ್ ಟ್ರಾನ್ಸ್‌ಫರ್, ಹೊಸಬರಿಗೆ ಮೊದಲಿಂದ ಕಥೆ. ಉಪಯೋಗಕ್ಕೆ ಬಂದಿದ್ದು ಒಂದೇ, ಆ ಬಿಳೀ ಆದ ಸೀಸದ ಪಟ್ಟೀನೂ ಖಾಲಿ ಜಾಡಿ ಪಟ್ಟೀನೂ ಪುಟ್ಟ ಕವರ್‌ನಲ್ಲಿ ಹಾಕಿ ಫೈಲ್‌ಗೇ ಸ್ಟೇಪಲ್ ಮಾಡಿದ್ವಿ. ರಿಪೋರ್ಟ್ ಓದದೇ ಇರೋರೂ ಕವರ್ ತೆಗೆದು ನೋಡಿದ್ರು.

ಅಪ್ರೂವಲ್ ಲೆಟರ್ ಕೈಗೆ ಬರೋವರೆಗೂ ಮೆಟೀರಿಯಲ್‌ಗೆ ಅಡ್ವಾನ್ಸ್ ಕೊಡ್ಬೇಡಿ. ಬಾಯಿಮಾತಲ್ಲಿ "ಮಾಡಿ, ನಾನಿದೀನಿ" ಅಂದೋರು ಬಿಲ್ ಟೈಮ್‌ನಲ್ಲಿ ಆ ಸೀಟಲ್ಲಿ ಇರಲ್ಲ.

ಗಾಜಿನ ಬಗ್ಗೆ ಒಂದು ಮಾತು. ಎಲ್ಲರೂ ಟಫನ್ಡ್ ಅಂತಾರೆ, ಗಟ್ಟಿ ನಿಜ, ಆದ್ರೆ ಒಡೆದ್ರೆ ಪುಡಿ ಪುಡಿಯಾಗಿ ಒಳಗಿನ ಸಾಮಾನಿನ ಮೇಲೇ ಸುರಿಯತ್ತೆ, ಮತ್ತೆ ಕಳ್ಳನ ಕೈಗೂ ದಾರಿ. ಲ್ಯಾಮಿನೇಟೆಡ್ ಆದ್ರೆ ಎರಡು ಗಾಜಿನ ಮಧ್ಯೆ ಪಿವಿಬಿ ಅನ್ನೋ ಹಾಳೆ ಇರತ್ತೆ, ಒಡೆದ್ರೂ ಹಿಡ್ಕೊಂಡಿರತ್ತೆ. ನಾವು ಹಾಕಿದ್ದು 6 ಪ್ಲಸ್ 6. ಲೆಕ್ಕ ಏನು ಅಂದ್ರೆ ಒಂದು ಚದರ ಮೀಟರ್ ಗಾಜು ಪ್ರತಿ ಎಂಎಂಗೆ ಎರಡೂವರೆ ಕೆಜಿ, ಹಾಗಾಗಿ 6 ಅಡಿ 4 ಅಡಿ ಅಳತೆಯ 12 ಎಂಎಂ ಗಾಜು ಸುಮಾರು 67 ಕೆಜಿ. ಇದು ಬಾಗಿಲಾಗಿ ತೆರೆದು ಮುಚ್ಚೋದಾದ್ರೆ ಮಾಮೂಲಿ ಹಿಂಜ್ ನೇತಾಡತ್ತೆ, ಹಿಂಜ್ ತೂಕದ ರೇಟಿಂಗ್ ನೋಡಿ ತಗೊಳ್ಳಿ. ಟಫನ್ಡ್ ಬೇಕೇಬೇಕು ಅನ್ನೋ ಜಾಗದಲ್ಲಿ ತೂತು, ಕಟಿಂಗ್ ಎಲ್ಲಾ ಫರ್ನೇಸ್‌ಗೆ ಹೋಗೋ ಮುಂಚೇನೇ ಆಗಿರ್ಬೇಕು, ಆಮೇಲೆ ಡ್ರಿಲ್ ಮುಟ್ಟಿಸಿದ್ರೆ ಇಡೀ ಶೀಟ್ ಢಮಾರ್. ಬಿಳೀ ಗಾಜು ಅಂತ ಕೇಳಿದ್ರೆ ಲೋ ಐರನ್ ಕೊಡ್ತಾರೆ, ಅಂಚಲ್ಲಿ ಹಸಿರು ಕಾಣಲ್ಲ, ರೇಟ್ ಜಾಸ್ತಿ. ನಾಣ್ಯ ತಾಮ್ರಪಟಕ್ಕೆ ಮಾತ್ರ ಅದನ್ನ ಹಾಕಿದ್ವಿ.

ಫ್ರೇಮ್ ಎಲ್ಲಾ ತುಮಕೂರಲ್ಲೇ ವೆಲ್ಡಿಂಗ್ ಮಾಡಿ ಕೋಟಿಂಗ್‌ಗೆ ಪೀಣ್ಯಕ್ಕೆ ಕಳಿಸಿದ್ವಿ. ಅಲ್ಲಿ ಒಂದೇ ಕಿರಿಕಿರಿ, ರಶ್ ಇದ್ದಾಗ ಓವನ್‌ನಲ್ಲಿ ಪೂರ್ತಿ ಟೈಮ್ ಬೇಯಿಸಲ್ಲ, ನೋಡೋಕೆ ಚೆನ್ನಾಗೇ ಇರತ್ತೆ, ಆದ್ರೆ ಅರ್ಧ ಬೆಂದಿದ್ದು ವಾಸನೆ ಬಿಡ್ತಾನೇ ಇರತ್ತೆ. ನಮ್ಮ ಹುಡುಗನನ್ನ ಅಲ್ಲೇ ನಿಲ್ಲಿಸಿ ಟೈಮ್ ನೋಡಿಸಿದೆ. ಅವನಿಗೆ ಊಟ ಬಸ್ ಚಾರ್ಜು ಅಂತ ಖರ್ಚಾಗಿದ್ದು ಇಡೀ ಪ್ರಾಜೆಕ್ಟ್‌ನಲ್ಲಿ ಸಾರ್ಥಕವಾದ ಖರ್ಚು. ಗ್ಯಾಸ್ಕೆಟ್‌ಗೆ ಕಪ್ಪು ರಬ್ಬರ್ ಬೇಡ ಅಂದ್ರು, ರಬ್ಬರ್‌ನಲ್ಲಿ ಗಂಧಕ ಇರತ್ತೆ, ಬೆಳ್ಳಿ ಕಪ್ಪಾಗತ್ತೆ. ಸಿಲಿಕೋನ್ ಗ್ಯಾಸ್ಕೆಟ್ ಸಿಗೋಕೆ ಬೆಂಗಳೂರೆಲ್ಲಾ ಅಲೆದಿದ್ದಾಯ್ತು, ಕೊನೆಗೆ ಫಾರ್ಮಾ ಮೆಷಿನ್‌ಗಳಿಗೆ ಸಪ್ಲೈ ಮಾಡೋರ ಹತ್ರ ಸಿಕ್ತು, ನೀವು ಸೀದಾ ಅಂಥೋರನ್ನೇ ಕೇಳಿ.

ಬಿಲ್ಡಿಂಗ್ ಹಳೇ ಬಂಗಲೆ. ಗೋಡೆಗೆ ಒಂದು ಸ್ಕ್ರೂ ಹೊಡೆಯೋ ಹಾಗಿಲ್ಲ, ಸಂರಕ್ಷಿತ ಕಟ್ಟಡ. ಎಲ್ಲಾ ಪೆಟ್ಟಿಗೆ ತನ್ನ ಕಾಲ ಮೇಲೆ ತಾನೇ ನಿಲ್ಬೇಕು, ಸ್ಕೂಲ್ ಮಕ್ಕಳು ಒರಗಿ ನಿಂತ್ರೂ ಅಲ್ಲಾಡ್ಬಾರ್ದು. ಅದಕ್ಕೆ ಕೆಳಗಿನ ಪ್ಲಿಂತ್, ಅಂದ್ರೆ ಪೀಠದ ಒಳಗೆ ಕಡಪ ಕಲ್ಲಿನ ತುಂಡುಗಳನ್ನ ತೂಕಕ್ಕೆ ಹಾಕಿದ್ವಿ, ಅಗ್ಗ, ವಾಸನೆ ಇಲ್ಲ, ತುಕ್ಕು ಇಲ್ಲ. ಕೆಳಗಿನ ರೂಮಿಗೆ ಸರಿ, ಮೇಲಿನ ಮಹಡಿ ಮದ್ರಾಸ್ ತಾರಸಿ, ಮರದ ತೊಲೆ ಮೇಲೆ ನಿಂತಿರೋದು. ಮ್ಯೂಸಿಯಂ ನೆಲಕ್ಕೆ ನಮ್ಮ ದೇಶದ ಸ್ಟ್ಯಾಂಡರ್ಡ್ ಐಎಸ್ 875ರಲ್ಲಿ ಚದರ ಮೀಟರ್‌ಗೆ 4 ಕಿಲೋನ್ಯೂಟನ್ ಲೋಡ್ ಹಿಡೀಬೇಕು ಅಂತಿದೆ, ಅಂದ್ರೆ ಹತ್ತಿರ ಹತ್ತಿರ 400 ಕೆಜಿ. ಹೊಸಾ ಕಟ್ಟಡಕ್ಕೆ ಅದು ಡಿಸೈನ್ ಲೆಕ್ಕ, ನೂರು ವರ್ಷದ ತೊಲೆ ಎಷ್ಟು ತಡ್ಕೊಳತ್ತೆ ಅಂತ ಯಾರೂ ಬರೆದುಕೊಡಲ್ಲ. ಸ್ಟ್ರಕ್ಚರಲ್ ಇಂಜಿನಿಯರ್ ಬಂದು ನೋಡಿ, ಭಾರದ ಪೆಟ್ಟಿಗೆಗಳನ್ನ ನಡುಮನೆಯಿಂದ ಎತ್ತಿ ಗೋಡೆ ಪಕ್ಕಕ್ಕೆ ತೊಲೆಗೆ ಅಡ್ಡಲಾಗಿ ಇಡಿ ಅಂದ್ರು, ಗ್ಯಾಲರಿ ಡಿಸೈನರ್ ಮುಖ ಸಪ್ಪೆ ಆಯ್ತು. ಈ ಇಂಜಿನಿಯರ್ ಫೀಸ್ ಬಿಓಕ್ಯೂನಲ್ಲಿ ಇರ್ಲಿಲ್ಲ, ನಮ್ಮ ಕೈಯಿಂದಾನೇ ಹೋಯ್ತು. ನೀವು ಟೆಂಡರ್ ಹಾಕೋ ಮುಂಚಿನ ಪ್ರೀ ಬಿಡ್ ಮೀಟಿಂಗ್‌ನಲ್ಲೇ ಕೇಳಿ, ಫ್ಲೋರ್ ಲೋಡ್ ಸರ್ಟಿಫಿಕೇಟ್ ಯಾರ ಜವಾಬ್ದಾರಿ ಅಂತ.

ನೆಲ ಕೆಂಪು ಗಾರೆ. ನೋಡೋಕೆ ಕನ್ನಡಿ, ಮಟ್ಟ ಇಟ್ಟು ನೋಡಿದ್ರೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಇಳಿಜಾರು, ಆ ಕಾಲದಲ್ಲಿ ನೀರು ಹಾಕಿ ತೊಳೆದ್ರೆ ಹೊರಗೆ ಹರಿದು ಹೋಗ್ಲಿ ಅಂತ ಬೇಕಂತಲೇ ಮಾಡಿರೋದು. ಪೆಟ್ಟಿಗೆ ವಾಲಿದ್ರೆ ಗಾಜಿನ ಬಾಗಿಲು ತಾನೇ ತೆಗೆದುಕೊಳತ್ತೆ, ಇಲ್ಲಾ ಗ್ಯಾಸ್ಕೆಟ್ ಒಂದು ಕಡೆ ಒತ್ತಿ ಒಂದು ಕಡೆ ಬಿಡತ್ತೆ, ಆಗ ಧೂಳು ತೇವ ಎಲ್ಲಾ ಒಳಗೆ. ನಾಲ್ಕು ಕಾಲಿಗೂ ಸ್ಕ್ರೂ ತಿರುಗಿಸಿ ಎತ್ತರ ಮಾಡೋ ಲೆವೆಲಿಂಗ್ ಫುಟ್ ಹಾಕಿಸಿದ್ರಿಂದ ಬಚಾವ್. ಅದರ ಕೆಳಗೂ ಕಪ್ಪು ರಬ್ಬರ್ ಬೇಡ, ಗಾರೆಗೆ ಕಲೆ ಕೂರತ್ತೆ, ನೈಲಾನ್ ಪ್ಯಾಡ್ ಇರ್ಲಿ.

ಸಾಗಾಟ ಮಾಡಿದ್ದು ಮಳೆಗಾಲದಲ್ಲಿ, ಅದು ನಮ್ಮ ಆಯ್ಕೆ ಅಲ್ಲ, ಫೈಲ್ ಆಯ್ಕೆ. 407 ಗಾಡೀಲಿ ಗಾಜನ್ನ ಮಲಗಿಸ್ಬಾರ್ದು, ಎ ಆಕಾರದ ಸ್ಟ್ಯಾಂಡ್‌ಗೆ ಒರಗಿಸಿ ಕಟ್ಬೇಕು. ಬಂಗಲೆ ಮೆಟ್ಟಿಲು ಮರದ್ದು, ಮಧ್ಯ ತಿರುವು. ಮುಂಚೆ ಅಳತೆಗೆ ಹೋದಾಗ್ಲೇ ಆಚಾರ್ರು ಗಾಜಿನ ಅಳತೆಗೆ ರಟ್ಟು ಕತ್ತರಿಸಿ ಇಬ್ಬರು ಹುಡುಗರ ಕೈಗೆ ಕೊಟ್ಟು ಮೆಟ್ಟಿಲು ಹತ್ತಿಸಿ ನೋಡಿದ್ರು, ತಿರುವಲ್ಲಿ ಸಿಕ್ಕೊಳ್ತು, ಹಾಗಾಗಿ ಮೇಲಿನ ಮಹಡಿ ಪೆಟ್ಟಿಗೆಗಳ ಗಾಜನ್ನ ಎರಡು ಭಾಗ ಮಾಡಿಸಿದ್ವಿ. ಡ್ರಾಯಿಂಗ್‌ನಲ್ಲಿ ಬಾಗಿಲ ಅಗಲ ಇರತ್ತೆ, ತಿರುವಿನ ಎತ್ತರ ಇರಲ್ಲ. ಗಾಜು ಎತ್ತೋಕೆ ವ್ಯಾಕ್ಯೂಮ್ ಕಪ್ ಬಾಡಿಗೆಗೆ ಸಿಗತ್ತೆ, ಮಳೆ ನೀರು ಅಥವಾ ಧೂಳು ಇರೋ ಗಾಜಿಗೆ ಅದು ಹಿಡಿಯಲ್ಲ, ಪ್ರತಿ ಸಲ ಒರೆಸಿ ಒತ್ತಿ ಎಳೆದು ನೋಡಿ ಆಮೇಲೆ ಎತ್ತಿ.

ಕೂರಿಸಿದ ತಕ್ಷಣ ನಾಣ್ಯ ಇಡ್ತಾರೆ ಅನ್ಕೊಂಡಿದ್ದೋರು ಆಫೀಸ್‌ನೋರು. ಉದ್ಘಾಟನೆಗೆ ಡೇಟ್ ಬೇರೆ ಕೊಟ್ಟಾಗಿತ್ತು. ಮೇಡಂ ಬಿಡ್ಲಿಲ್ಲ. ಬಾಗಿಲೆಲ್ಲಾ ತೆಗೆದು, ಫ್ಯಾನ್ ಹಾಕಿ, ಸಿಲಿಕೋನ್ ಪೂರ್ತಿ ಒಣಗಿ ಉಸಿರು ಬಿಟ್ಟು ಮುಗಿಸೋವರೆಗೂ ವಾರಗಟ್ಟಲೆ ಖಾಲಿ ಬಿಡ್ಬೇಕು ಅಂದ್ರು. ಆಫೀಸ್‌ನೋರಿಗೂ ಅವರಿಗೂ ಮಾತಿಗೆ ಮಾತು ಬೆಳೆದು, ಕೊನೆಗೆ ಉದ್ಘಾಟನೆ ಡೇಟೇ ಬೇರೆ ಕಾರಣಕ್ಕೆ ಮುಂದೆ ಹೋಗಿ ನಾವೆಲ್ಲಾ ಬಚಾವ್. ಈ ಗ್ಯಾಪ್‌ನಲ್ಲಿ ಆಚಾರ್ರು ಮೊದಲ ಪೆಟ್ಟಿಗೆಗೆ ಪೂಜೆ ಮಾಡ್ಬೇಕು ಅಂತ ಕರ್ಪೂರ ಊದುಬತ್ತಿ ತಂದಿದ್ರು, ಕ್ಯುರೇಟರ್ ಸಾರ್ ಬಾಗಿಲ ಹೊರಗೆ ಮೆಟ್ಟಿಲ ಹತ್ರ ಮಾಡಿಸಿದ್ರು, ಹೊಗೆ ಒಳಗೆ ಹೋಗದ ಹಾಗೆ. ತೆಂಗಿನಕಾಯಿ ಅಂತೂ ಒಡೀತು.

ಪೆಟ್ಟಿಗೆ ಒಳಗಿನ ತೇವ ಹತೋಟೀಲಿ ಇಡೋ ಸಿಲಿಕಾ ಜೆಲ್ ಬಗ್ಗೆ ಬಹಳ ಜನಕ್ಕೆ ತಪ್ಪು ಕಲ್ಪನೆ ಇದೆ. ಔಷಧಿ ಡಬ್ಬೀಲಿ ಬರೋ ಹಾಗೆ ಒಂದು ಚೀಟಿ ಹಾಕಿದ್ರೆ ಏನೂ ಆಗಲ್ಲ, ಹಳೇ ರೂಲ್ ಪ್ರಕಾರ ಒಂದು ಘನ ಮೀಟರ್ ಪೆಟ್ಟಿಗೆಗೆ 20 ಕೆಜಿ. 4 ಅಡಿ, 2 ಅಡಿ, 2 ಅಡಿ ಪೆಟ್ಟಿಗೆಗೆ ಸುಮಾರು 9 ಕೆಜಿ ಬೇಕು, ಅಷ್ಟು ಹಿಡಿಯೋ ಟ್ರೇಗೆ ಡೆಕ್, ಅಂದ್ರೆ ಸಾಮಾನು ಇಡೋ ಹಲಗೆ ಕೆಳಗೆ ಜಾಗ ಮುಂಚೇನೇ ಬಿಟ್ಟಿರ್ಬೇಕು, ಗಾಳಿ ಮೇಲೆ ಕೆಳಗೆ ಓಡಾಡೋಕೆ ಡೆಕ್ ಸುತ್ತ ಸಂದು ಇರ್ಬೇಕು, ಟ್ರೇ ತೆಗೆಯೋಕೆ ಹಿಂದುಗಡೆ ಬೇರೆ ಬಾಗಿಲು ಇರ್ಬೇಕು, ಅದಕ್ಕೋಸ್ಕರ ನಾಣ್ಯ ಇರೋ ಮೇಲಿನ ಭಾಗ ತೆರೆಯೋ ಹಾಗೆ ಆಗ್ಬಾರ್ದು. ಲೋಹಕ್ಕೆ ಒಣ ಜೆಲ್ ಸರಿ. ತಾಳೆಗರಿಗೆ ಅದನ್ನೇ ಹಾಕಿದ್ರೆ ಗರಿ ಒಣಗಿ ಸೀಳತ್ತೆ, ಅದಕ್ಕೆ ಮೊದಲೇ 50 ಪರ್ಸೆಂಟ್ ತೇವಕ್ಕೆ ಹದ ಮಾಡಿದ ಜೆಲ್ ಹಾಕ್ಬೇಕು. ಹಾಗಾಗಿ ಸೀಸ ಮತ್ತೆ ತಾಳೆಗರಿ ಒಂದೇ ಪೆಟ್ಟಿಗೇಲಿ ಬರಲ್ಲ, ಎರಡನ್ನೂ ಒಟ್ಟಿಗೆ ಇಟ್ಟು ಕ್ಯುರೇಟರ್ ಹೇಳ್ಬೇಕು ಅಂತಿರೋ ಕಥೆ ಎಷ್ಟೇ ಚೆನ್ನಾಗಿದ್ರೂ.

ಲೈಟಿಂಗ್ ದಿನ ಮತ್ತೊಂದು ಪಂಚಾಯ್ತಿ. ತಾಳೆಗರಿ, ಬಟ್ಟೆ, ತೊಗಲುಗೊಂಬೆ ಇವಕ್ಕೆ ಬೆಳಕು 50 ಲಕ್ಸ್ (ಬೆಳಕಿನ ಅಳತೆ) ಮೀರಬಾರ್ದು. ಲೋಹ, ಕಲ್ಲಿಗೆ ಅಷ್ಟು ಕಟ್ಟುನಿಟ್ಟಿಲ್ಲ. 50 ಲಕ್ಸ್ ಅಂದ್ರೆ ಹೊರಗಿನ ಬಿಸಿಲಿಂದ ಒಳಗೆ ಬಂದೋರಿಗೆ ಕತ್ತಲೇ. ನೋಡೋಕೆ ಬಂದ ದೊಡ್ಡೋರೊಬ್ಬರು "ಇಷ್ಟು ದುಡ್ಡು ಸುರಿದು ಬಲ್ಬ್ ಹಾಕೋಕೆ ಜಿಪುಣತನ ಯಾಕ್ರೀ" ಅಂದ್ರು. ಕಿಟಕಿಗಳಿಗೆ ಬ್ಲೈಂಡ್ ಹಾಕಿ ರೂಮಿನ ಬೆಳಕು ಇಳಿಸಿದ ಮೇಲೆ ಅದೇ 50 ಲಕ್ಸ್‌ನಲ್ಲಿ ಗರಿ ಮೇಲಿನ ಅಕ್ಷರ ಓದೋ ಹಾಗಾಯ್ತು, ಕಣ್ಣು ಹೊಂದ್ಕೊಳ್ಳೋಕೆ ಟೈಮ್ ಬೇಕು ಅಷ್ಟೇ. ಎಲ್ಇಡಿ ಡ್ರೈವರ್ ಬಿಸಿಯಾಗತ್ತೆ, ಅದನ್ನ ಯಾವ ಕಾರಣಕ್ಕೂ ಗಾಳಿ ಮುಚ್ಚಿದ ಭಾಗದಲ್ಲಿ ಇಡ್ಬೇಡಿ, ಮೇಲೆ ಬೇರೆ ಕಂಪಾರ್ಟ್‌ಮೆಂಟ್ ಮಾಡಿ ಮಧ್ಯೆ ಗಾಜು ಕೊಡಿ, ಬಲ್ಬ್ ಹೋದ್ರೆ ಎಲೆಕ್ಟ್ರೀಷಿಯನ್ ಕೈ ನಾಣ್ಯದ ಹತ್ರ ಬರೋದೇ ಬೇಡ. ಒಂದು ಲಕ್ಸ್ ಮೀಟರ್ ಸ್ವಂತಕ್ಕೆ ತಗೊಳ್ಳಿ, ಮೊಬೈಲ್ ಆ್ಯಪ್ ನಂಬಿ ಸಹಿ ಹಾಕ್ಬೇಡಿ.

ಸಾಮಾನು ಇಡೋ ದಿನ ನಮ್ಮೋರು ಯಾರೂ ಮುಟ್ಟಲಿಲ್ಲ, ಮುಟ್ಟಲೂಬಾರ್ದು. ಪ್ರತಿಯೊಂದನ್ನೂ ಅವರ ಸ್ಟಾಫ್ ರಿಜಿಸ್ಟರ್ ನಂಬರ್ ನೋಡಿ, ಗ್ಲೌಸ್ ಹಾಕಿ ಇಟ್ರು. ನಾವು ಮಾಡಿದ್ದು ಅಕ್ರಿಲಿಕ್ ಸ್ಟ್ಯಾಂಡ್‌ಗಳನ್ನ, ಅದೂ ಒರಿಜಿನಲ್ ನಾಣ್ಯ ಇಟ್ಟು ಅಳತೆ ತಗೊಂಡಿದ್ದಲ್ಲ, ಅವರೇ ಕೊಟ್ಟ ಅಳತೆಗೆ ಫೋಮ್‌ನಲ್ಲಿ ನಕಲು ಮಾಡ್ಕೊಂಡು. ಒಂದು ನಾಣ್ಯದ ಅಂಚು ಸವೆದು ವಾರೆಯಾಗಿತ್ತು, ಸ್ಟ್ಯಾಂಡ್‌ನಲ್ಲಿ ಜಾರ್ತಿತ್ತು, ಆಚಾರ್ರು ಅಲ್ಲೇ ಕಿಟಕಿ ಹತ್ರ ಕೂತು ಅರದಲ್ಲಿ ಅಕ್ರಿಲಿಕ್ ಚೂರು ಚೂರೇ ತೀಡಿ, ಊದಿ, ಮತ್ತೆ ತೀಡಿ ಕೊಟ್ರು. ಮೇಡಂ ಇಟ್ಟು ನೋಡಿದಾಗ ಅಲ್ಲಾಡದೆ ಕೂತ್ಕೊಳ್ತು. ಒಂದು ಗ್ರಾಂ ತೇಗ ಮುಟ್ಟದ ಕೆಲಸದಲ್ಲಿ ಮರಗೆಲಸದ ಕೈ ಬೇಕಾಗಿದ್ದು ಇಲ್ಲೇ, ಸಿಎನ್‌ಸಿ ಮೆಷಿನ್‌ಗೆ ಆ ವಾರೆ ಗೊತ್ತಾಗಲ್ಲ.

ಈಗ ಬಿಲ್. ನಮ್ದು ಪ್ರೊಪ್ರೈಟರ್‌ಶಿಪ್ ಆದ್ರಿಂದ ಇನ್ಕಮ್ ಟ್ಯಾಕ್ಸ್ ಟಿಡಿಎಸ್ 1 ಪರ್ಸೆಂಟ್, ಜಿಎಸ್‌ಟಿ ಟಿಡಿಎಸ್ 2 ಪರ್ಸೆಂಟ್, ಇವು ಸರಿ, ವಾಪಸ್ ಕ್ಲೈಮ್ ಮಾಡ್ಬಹುದು. ಅದರ ಮೇಲೆ ಕಟ್ಟಡ ಕಾರ್ಮಿಕರ ಸೆಸ್ 1 ಪರ್ಸೆಂಟ್ ಹಿಡೀತೀವಿ ಅಂದ್ರು, ಇದು ಕಟ್ಟಡ ಕೆಲಸ ಅಲ್ಲ ಸ್ವಾಮಿ, ವರ್ಕ್‌ಶಾಪ್‌ನಲ್ಲಿ ಮಾಡಿ ತಂದಿಟ್ಟಿದ್ದು ಅಂತ ಲೆಟರ್ ಕೊಟ್ಟಿದೀನಿ. ಇನ್ನೊಬ್ಬರು ಮರಳು ಜೆಲ್ಲಿ ರಾಯಲ್ಟಿ ರಸೀದಿ ಎಲ್ಲಿ ಅಂದ್ರು. ಶೋಕೇಸ್‌ಗೆ! ಸಿವಿಲ್ ಬಿಲ್‌ನ ಚೆಕ್‌ಲಿಸ್ಟೇ ಇದಕ್ಕೂ ಹಾಕಿರೋದು, "ಮರಳು ಬಳಸಿಲ್ಲ" ಅಂತ ಡಿಕ್ಲರೇಷನ್ ಬರೆದುಕೊಟ್ಟೆ, ನಗು ತಡ್ಕೊಂಡು. ಉದ್ಯಮ್ ಇದ್ದೋರಿಗೆ ಕಾನೂನು ಪ್ರಕಾರ 45 ದಿನದೊಳಗೆ ದುಡ್ಡು ಬರ್ಬೇಕು, ಬಿಲ್ ಮೇಲೆ ಉದ್ಯಮ್ ನಂಬರ್ ದಪ್ಪ ಅಕ್ಷರದಲ್ಲಿ ಹಾಕಿ, ಕೇಳೋಕೆ ಒಂದು ಆಧಾರ ಇರತ್ತೆ. ರನ್ನಿಂಗ್ ಬಿಲ್ ಬಂದಿದೆ, ಫೈನಲ್ ಬಿಲ್ ಟೇಬಲ್ ಮೇಲಿದೆ, ರಿಟೆನ್ಶನ್, ಅಂದ್ರೆ ಕೆಲಸ ಸರಿಯಿರ್ಲಿ ಅಂತ ಹಿಡಿದಿಟ್ಕೊಂಡ ದುಡ್ಡು, ಒಂದು ವರ್ಷ ಆದ್ಮೇಲೆ. ಲಾಭ ಎಷ್ಟು ಅಂತ ಕೇಳ್ಬೇಡಿ, ಕಿಚನ್ ಕೆಲಸದಲ್ಲಿ ಇದಕ್ಕಿಂತ ಜಾಸ್ತಿ ಉಳೀತಿತ್ತು. ಆದ್ರೂ ಮುಂದಿನ ಟೆಂಡರ್ ಬಂದ್ರೆ ಹಾಕ್ತೀನಿ, ರೇಟ್ ಬೇರೆ ಇರತ್ತೆ.

ಹಸ್ತಾಂತರ ಮಾಡುವಾಗ ಪ್ರತಿ ಬೀಗಕ್ಕೂ ಎರಡು ಸೆಟ್ ಕೀ, ನಂಬರ್ ಟ್ಯಾಗ್ ಹಾಕಿ, ಇನ್‌ಸ್ಟಾಲ್ ಆದ ದಿನದ ಲಕ್ಸ್ ರೀಡಿಂಗ್, ಪಾಸಾದ ಮೆಟೀರಿಯಲ್‌ಗಳ ಬ್ಯಾಚ್ ಲಿಸ್ಟ್, ಜೆಲ್ ಯಾವಾಗ ಬದಲಾಯಿಸ್ಬೇಕು ಅನ್ನೋದನ್ನ ಕನ್ನಡದಲ್ಲಿ ಒಂದು ಹಾಳೆ ಬರೆದು ಲ್ಯಾಮಿನೇಟ್ ಮಾಡಿಸಿ ಸರ್ವೀಸ್ ಬಾಗಿಲ ಒಳಗೆ ನೇತು ಹಾಕಿ. ಮುಂದೆ ಯಾರಾದ್ರೂ ಸಡಿಲ ಆದ ಗಾಜಿಗೆ ಅಂಗಡಿ ಸಿಲಿಕೋನ್ ಹಚ್ಚೋಕೆ ಹೋದ್ರೆ ಅದು ಕಣ್ಣಿಗೆ ಬೀಳೋ ಹಾಗೆ "ಹುಳಿ ವಾಸನೆ ಬರೋ ಸಿಲಿಕೋನ್ ಬಳಸಬಾರದು" ಅಂತ ಮೊದಲ ಸಾಲಲ್ಲೇ ಇರ್ಲಿ. ಇದೆಲ್ಲದರ ಒಂದು ಕಾಪಿ ಮೇಲೆ ಆಫೀಸ್ ಸೀಲ್, ಸಹಿ, ತಾರೀಖು ಹಾಕಿಸ್ಕೊಂಡೇ ಗಾಡಿ ಹತ್ತಿ.